ಆರೂವರೆ ಅಡಿಯವರಿಗೆ ಸೈಕಲ್ಲು, ಬಟ್ಟೆ: ಎಕ್ಸ್‌ಎಲ್ ಅಂದ್ರೆ ಬರೀ ಅಗಲವೇ?

ಆರೂವರೆ ಅಡಿ

ನನ್ನ ಎತ್ತರ 198 ಸೆಂ.ಮೀ. ಕೆಲಸಕ್ಕೆ ಹೋಗಿ ಬರೋದು ಸೈಕಲ್ಲಲ್ಲೇ, ಒಂದು ಕಡೆಗೆ ಮುಕ್ಕಾಲು ಗಂಟೆ ದಾರಿ. ಈಗಿರೋ ಸೈಕಲ್ಲಿನ ಮೇಲೆ ಎಕ್ಸ್‌ಎಲ್ ಅಂತ ಸ್ಟಿಕ್ಕರ್ ಇದೆ. ಸೀಟನ್ನ ಎಷ್ಟು ಏರಿಸಬಹುದೋ ಅಷ್ಟೂ ಏರಿಸಿಯಾಯ್ತು, ಹ್ಯಾಂಡಲ್ ಮಾತ್ರ ಪಾತಾಳದಲ್ಲಿದೆ. ಮನೆ ಮುಟ್ಟೋ ಹೊತ್ತಿಗೆ ಕತ್ತು ಹಿಡಿದಿರತ್ತೆ, ಅಂಗೈ ಜೋಮು ಹಿಡಿದಿರತ್ತೆ.

ಬಟ್ಟೆದೂ ಅದೇ ಕತೆ. ಎಕ್ಸ್‌ಎಲ್ ಜರ್ಸಿ ಹಾಕಿದ್ರೆ ಬಗ್ಗಿದ ಕೂಡಲೇ ಸೊಂಟ ಬಯಲು. ತ್ರಿಬಲ್ ಎಕ್ಸ್‌ಎಲ್ ಹಾಕಿದ್ರೆ ಎದುರು ಗಾಳಿಗೆ ದೋಣಿಯ ಹಾಯಿ ಥರ ಉಬ್ಬತ್ತೆ. ಮಳೆ ಪ್ಯಾಂಟು ಪೆಡಲ್ ತುಳಿಯುವಾಗ ಮೀನಖಂಡದ ಅರ್ಧಕ್ಕೆ ಬಂದು ಕೂತ್ಕೊಳ್ಳತ್ತೆ.

ಆರಡಿ ಮೂರಂಗುಲ ದಾಟಿದವರು ಏನು ಮಾಡ್ತೀರಿ? ಹೊಸ ಸೈಕಲ್ ತಗೊಳ್ಳೋದಾ, ಇರೋದನ್ನೇ ತಿದ್ದೋದಾ? "ಸೀಟು ಇನ್ನೊಂಚೂರು ಮೇಲೆತ್ತಿ" ಅನ್ನೋ ಸಲಹೆ ಮಾತ್ರ ಬೇಡ ದಯವಿಟ್ಟು. ಅದನ್ನ ದಾರೀಲಿ ಹೋಗೋರೂ ಕೊಡ್ತಾರೆ.

ಕುಳ್ಳ ಕಂಪನಿ

ನಾನು ಐದಡಿ ಎರಡಂಗುಲ. ನನಗೂ ಸರಿಯಾದ ಸೈಕಲ್ ಸಿಕ್ಕಿಲ್ಲ. ಸುಮ್ಮನೆ ಕೂತು ಓದ್ತೀನಿ, ಮುಂದುವರಿಸಿ.

ಹಳೇ ಚೈನು

ಮೊದಲು ನಿಮ್ಮ ಎತ್ತರವನ್ನು ಪಕ್ಕಕ್ಕಿಡಿ. 198 ಅನ್ನುವುದು ಬಾಗಿಲ ಚೌಕಟ್ಟಿಗೆ ಬೇಕಾದ ಸಂಖ್ಯೆ, ಸೈಕಲ್ಲಿಗಲ್ಲ. ಉದ್ದನೆಯವರಲ್ಲಿ ಎರಡು ಜಾತಿ: ಕಾಲು ಉದ್ದ ಇರುವವರು, ಮುಂಡ ಉದ್ದ ಇರುವವರು. ಇಬ್ಬರೂ 198 ಇರಬಹುದು, ಒಬ್ಬರಿಗೆ ಹೊಂದುವ ಸೈಕಲ್ ಇನ್ನೊಬ್ಬರ ಬೆನ್ನು ಮುರಿಯುತ್ತದೆ.

ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆ ಸಂದಿಯಲ್ಲಿ ಸೀಟು ಒತ್ತುವಷ್ಟೇ ಗಟ್ಟಿಯಾಗಿ ಮೇಲೆ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಇದು ಒಳಗಾಲಿನ ಅಳತೆ. ಪ್ಯಾಂಟಿನ ಪಟ್ಟಿಯ ಮೇಲಿರುವ ಇಂಚಿನ ಲೆಕ್ಕ ಹೇಳಬೇಡಿ, ಅದು ಯಾವಾಗಲೂ ನಾಲ್ಕಾರು ಸೆಂ.ಮೀ. ಕಡಿಮೆ ಬರುತ್ತದೆ. ಜೊತೆಗೆ ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗೆ ಎಷ್ಟು ಅನ್ನುವುದನ್ನೂ ತಿಳಿಸಿ.

ಆರೂವರೆ ಅಡಿ

ಒಳಗಾಲು 97 ಸೆಂ.ಮೀ. ಕೈಚಾಚು 203. ಪುಸ್ತಕ ಹಿಡ್ಕೊಂಡು ಗೋಡೆಗೆ ನಿಂತಿದ್ದನ್ನ ನೋಡಿ ಮನೇಲಿ ಯಾರೂ ಏನೂ ಕೇಳಲಿಲ್ಲ, ಅದೇ ಸಮಾಧಾನ.

ಹಳೇ ಚೈನು

ಹಾಗಾದರೆ ಕಾಲೂ ಉದ್ದ, ಕೈಯೂ ಉದ್ದ. ಲೆಕ್ಕ ಮಾಡೋಣ.

ಒಳಗಾಲಿನ ಅಳತೆಯನ್ನು 0.883 ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ಟಿನ (ಪೆಡಲ್ ತೋಳುಗಳು ಸುತ್ತುವ ಅಚ್ಚಿನ ಜಾಗ) ನಡುವಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರ ಸಿಗುತ್ತದೆ ಅನ್ನುವುದು ಒಂದು ಹಳೆಯ ಸೂತ್ರ. ನಿಮಗೆ 85.6 ಸೆಂ.ಮೀ. ಇನ್ನೊಂದು ಸೂತ್ರ 1.09 ರಿಂದ ಗುಣಿಸಿ, ಪೆಡಲ್ ಕೆಳಗಿದ್ದಾಗ ಅಲ್ಲಿಂದ ಅಳೆಯಿರಿ ಅನ್ನುತ್ತದೆ. ಅದು 105.7. ಮೊದಲನೆಯದಕ್ಕೆ 175 ಮಿ.ಮೀ. ಕ್ರ್ಯಾಂಕ್ (ಪೆಡಲ್ ಹಿಡಿದ ತೋಳು) ಸೇರಿಸಿದರೆ 103.1 ಆಗುತ್ತದೆ. ಅಂದರೆ ಎರಡು ಸೂತ್ರಗಳ ನಡುವೆ ಎರಡೂವರೆ ಸೆಂ.ಮೀ. ಜಗಳ. ಕಾಲು ಉದ್ದವಾದಷ್ಟೂ ಈ ಜಗಳ ದೊಡ್ಡದಾಗುತ್ತದೆ. ಹಾಗಾಗಿ ತಗ್ಗಿನ ಲೆಕ್ಕದಿಂದ ಶುರು ಮಾಡಿ, ಪೆಡಲ್ ಕೆಳಗಿದ್ದಾಗ ಮಂಡಿಯ ಮಡಿಕೆ 25 ರಿಂದ 35 ಡಿಗ್ರಿ ಇರುವಂತೆ ಸ್ವಲ್ಪಸ್ವಲ್ಪ ಏರಿಸುತ್ತಾ ಹೋಗಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ನೋಯುತ್ತಿದ್ದರೆ ಎತ್ತರ.

ಈಗ ನಿಮ್ಮ ಚೌಕಟ್ಟಿಗೆ ಬನ್ನಿ. ಟಾಪ್ ಟ್ಯೂಬ್ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಇಳಿಜಾರಾಗಿರುವ ಈಗಿನ ಸೈಕಲ್ಲುಗಳಲ್ಲಿ ಸೀಟ್ ಟ್ಯೂಬು (ಸೀಟಿನ ಕೆಳಗಿನ ಕೊಳವೆ) 52 ಸೆಂ.ಮೀ. ಇರುವುದೂ ಎಕ್ಸ್‌ಎಲ್ ಹೆಸರಲ್ಲಿ ಬರುತ್ತದೆ. ನಿಮ್ಮದೂ ಅಷ್ಟೇ ಅಂದುಕೊಳ್ಳಿ. ಸೀಟಿನ ದಪ್ಪ, ಅದರ ಕ್ಲ್ಯಾಂಪು ಸೇರಿ ಐದು ಸೆಂ.ಮೀ. ಕಳೆದರೂ ಸೀಟ್ ಪೋಸ್ಟು (ಸೀಟನ್ನು ಹೊತ್ತ ಕಂಬ) 28 ಸೆಂ.ಮೀ.ಗಿಂತ ಹೆಚ್ಚು ಹೊರಗೆ ನಿಲ್ಲಬೇಕು. 350 ಮಿ.ಮೀ. ಪೋಸ್ಟಾದರೆ ಒಳಗೆ ಉಳಿಯುವುದು ಆರು ಚಿಲ್ಲರೆ ಸೆಂ.ಮೀ. ಇದು ಸಾಲದು. ಕನಿಷ್ಠ ಎಷ್ಟು ಒಳಗಿರಬೇಕು ಅಂತ ಪೋಸ್ಟಿನ ಮೇಲೆ ಗುರುತಿಸಿರುವ ಗೆರೆ ಚೌಕಟ್ಟಿನೊಳಗೆ ಇರಲೇಬೇಕು, ಅಷ್ಟೇ ಅಲ್ಲ, ಟಾಪ್ ಟ್ಯೂಬು ಸೀಟ್ ಟ್ಯೂಬಿಗೆ ಕೂಡುವ ಜಾಗಕ್ಕಿಂತಲೂ ಪೋಸ್ಟಿನ ತುದಿ ಕೆಳಗೆ ಇಳಿದಿರಬೇಕು. ಇಳಿಜಾರು ಚೌಕಟ್ಟುಗಳಲ್ಲಿ ಸೀಟ್ ಟ್ಯೂಬು ಆ ಬೆಸುಗೆಗಿಂತ ಮೇಲಕ್ಕೆ ಚಾಚಿಕೊಂಡಿರುತ್ತದೆ. ಗೆರೆ ಮುಚ್ಚಿದೆ ಅಂತ ನಂಬಿ ಕೂತವರ ಚೌಕಟ್ಟು ಅಲ್ಲೇ ಬಿರುಕು ಬಿಡುವುದು. 400 ಮಿ.ಮೀ. ಪೋಸ್ಟು ಹಾಕಿ, ಇಲ್ಲವೇ ಇನ್ನೂ ಉದ್ದದ್ದು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಸೀಟ್ ಟ್ಯೂಬು ನೆಟ್ಟಗೆ ನಿಂತಿಲ್ಲ, 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿದೆ. ಸೀಟನ್ನು 10 ಸೆಂ.ಮೀ. ಏರಿಸಿದರೆ ಅದು ಸುಮಾರು 3 ಸೆಂ.ಮೀ. ಹಿಂದಕ್ಕೂ ಹೋಗುತ್ತದೆ. ನಿಮ್ಮ 85.6 ಕ್ಕೆ ಸೀಟಿನ ನಡುಭಾಗ ಬಾಟಮ್ ಬ್ರಾಕೆಟ್ಟಿನಿಂದ 25 ಸೆಂ.ಮೀ. ಹಿಂದೆ ಇರುತ್ತದೆ. ಚೈನ್‌ಸ್ಟೇ (ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಅಚ್ಚಿಗೆ ಹೋಗುವ ಕೊಳವೆ) 43 ಸೆಂ.ಮೀ. ಇದ್ದರೆ ಹಿಂದಿನ ಅಚ್ಚಿಗೂ ನಿಮಗೂ ನಡುವೆ ಉಳಿಯುವುದು 17. ಮೇಲೆ ಬ್ಯಾಗೂ ಕಟ್ಟಿದರೆ ಏರಿನಲ್ಲಿ ಮುಂಚಕ್ರ ಎದ್ದೇಳುತ್ತದೆ. ಅನೇಕ ತಯಾರಕರು ಚಿಕ್ಕ ಅಳತೆಗೂ ದೊಡ್ಡ ಅಳತೆಗೂ ಒಂದೇ ಚೈನ್‌ಸ್ಟೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅವರ ಪ್ರಕಾರ ನಾವು ಸೀಟ್ ಪೋಸ್ಟಿನ ಭಾಗದಲ್ಲಿ ಮಾತ್ರ ಉದ್ದ ಬೆಳೆದಿದ್ದೇವೆ.

ಎದುರುಗಾಳಿ

ಹಳೇ ಚೈನು ಹಿಂದಿನ ಭಾಗ ಹೇಳಿದ್ರು, ಆದ್ರೆ ಇವರ ಕತ್ತು ನೋವು ಉಂಟಲ್ಲ, ಅದು ಮುಂದಿನದ್ದು ಮಾರಾಯ್ರೆ.

ಕ್ಯಾಟಲಾಗಿನಲ್ಲಿ ಅಳತೆಪಟ್ಟಿ ತೆಗೆದು ಎರಡೇ ಸಾಲು ನೋಡಿ. ಸ್ಟ್ಯಾಕ್ ಅಂದ್ರೆ ಬಾಟಮ್ ಬ್ರಾಕೆಟ್ಟಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ನೆತ್ತಿಗೆ ನೆಟ್ಟಗೆ ಎಷ್ಟು ಎತ್ತರ ಅಂತ. ರೀಚ್ ಅಂದ್ರೆ ಅದೇ ಎರಡರ ನಡುವೆ ಅಡ್ಡಕ್ಕೆ ಎಷ್ಟು ದೂರ ಅಂತ. ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಎಂಬ ಅಕ್ಷರಗಳು ಒಂದೊಂದು ಕಂಪನಿಗೆ ಒಂದೊಂದು ಥರ, ಈ ಎರಡು ಅಂಕಿ ಮಾತ್ರ ಸುಳ್ಳು ಹೇಳುವುದಿಲ್ಲ.

ದೂರದ ಸವಾರಿಗೆಂದು ಮಾಡಿದ ರೋಡ್ ಸೈಕಲ್ಲುಗಳ 61 ಸೆಂ.ಮೀ. ಚೌಕಟ್ಟಿನಲ್ಲೂ ಸ್ಟ್ಯಾಕ್ 640 ಮಿ.ಮೀ. ಆಸುಪಾಸು ಇರ್ತದೆ. ನಿಮ್ಮ ಸೀಟಿನ ನೆತ್ತಿ ಬಾಟಮ್ ಬ್ರಾಕೆಟ್ಟಿನಿಂದ ನೆಟ್ಟಗೆ ಅಳೆದ್ರೆ 819. ವ್ಯತ್ಯಾಸ 18 ಸೆಂ.ಮೀ. ಸ್ಪೇಸರು (ಏರಿಸಲಿಕ್ಕೆ ಇಡುವ ಬಳೆ), ಸ್ಟೆಮ್ಮು (ಹ್ಯಾಂಡಲನ್ನು ಹಿಡಿಯುವ ತುಂಡು) ಸೇರಿ ಏಳು ತುಂಬಿಸಿದ್ರೂ ಹ್ಯಾಂಡಲ್ ಸೀಟಿಗಿಂತ 11 ಸೆಂ.ಮೀ. ಕೆಳಗೆ. ರೇಸಿನವರಿಗೆ ಅದು ಲಾಯಕ್ಕು, ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುವವನಿಗೆ ಎಂತಕ್ಕೆ?

ಏರಿಸುವ ದಾರಿ ಉಂಟು. ಮೇಲ್ಮುಖ ಕೋನದ ಸ್ಟೆಮ್ ಒಂದು. 80 ಮಿ.ಮೀ. ಏರು ಇರುವ ರೈಸರ್ ಹ್ಯಾಂಡಲ್ ಇನ್ನೊಂದು. ಫೋರ್ಕಿನ ಕೊಳವೆಯೊಳಗೆ ಇಳಿಯುವ ಹಳೆ ಮಾದರಿಯ ಕ್ವಿಲ್ ಸ್ಟೆಮ್ ಇದ್ರಂತೂ ಹಬ್ಬ. ನಿಟ್ಟೋ ಟೆಕ್ನೊಮಿಕ್ ಎಂಬ ಉದ್ದ ಕುತ್ತಿಗೆಯ ಸ್ಟೆಮ್ ಉದ್ದನೆಯವರಿಗೆ ಹೇಳಿ ಮಾಡಿಸಿದ ಹಾಗೆ. ಆದ್ರೆ ಅದರಲ್ಲಿಯೂ ಕನಿಷ್ಠ ಗೆರೆ ಉಂಟು, ಅದನ್ನು ಮೀರಬೇಡಿ. ಹೊಸ ಸೈಕಲ್ ತಗೊಳ್ಳುವುದಾದ್ರೆ ಫೋರ್ಕಿನ ಸ್ಟೀರರನ್ನು (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ) ಕತ್ತರಿಸದೆ ಕೊಡಿ ಅಂತ ಮೊದಲೇ ಹೇಳಿ. ಒಮ್ಮೆ ಕತ್ತರಿಸಿದ್ರೆ ಮತ್ತೆ ಬೆಳೆಯುವುದಿಲ್ಲ. ಸ್ಟೀರರ್ ಕಾರ್ಬನ್ನಿನದ್ದಾದ್ರೆ ಸ್ಪೇಸರಿಗೆ ಮಿತಿ ಇರ್ತದೆ, ಹೆಚ್ಚಿನ ಕಂಪನಿಗಳು 30 ರಿಂದ 40 ಮಿ.ಮೀ. ಒಳಗೆ ನಿಲ್ಲಿಸ್ತವೆ. ಕೈಪಿಡಿ ನೋಡದೆ ಪೇರಿಸಬೇಡಿ. ದಿನಬಳಕೆಗೆ ಅಲ್ಯೂಮಿನಿಯಂ ಅಥವಾ ಉಕ್ಕಿನ ಸ್ಟೀರರೇ ನೆಮ್ಮದಿ.

ಆರೂವರೆ ಅಡಿ

ಇಷ್ಟು ದಿನ ಯಾರೂ ನನಗೆ ಹೆಡ್ ಟ್ಯೂಬ್ ಬಗ್ಗೆ ಮಾತೇ ಆಡಿರಲಿಲ್ಲ. ಕ್ರ್ಯಾಂಕೂ ಉದ್ದ ಹಾಕಿಸು ಅಂತ ಒಬ್ಬರು ಹೇಳ್ತಿದ್ರು. 175 ನನಗೆ ಚಿಕ್ಕದಾ?

ನೆಟ್ಟಗೆ ನಿಲ್ಲು

ಖಂಡಿತ ಚಿಕ್ಕದು. ಒಳಗಾಲಿನ 21 ಶೇಕಡಾ ಅನ್ನೋದು ಉದ್ದನೆಯವರ ಸೈಕಲ್ ಕಟ್ಟೋರು ಬಳಸೋ ಲೆಕ್ಕ. 97 ಕ್ಕೆ 204 ಮಿ.ಮೀ. ಬರತ್ತೆ. 81 ಸೆಂ.ಮೀ. ಒಳಗಾಲಿನವನು 170 ತುಳಿದ್ರೆ ಅವನ ಕಾಲಿಗೆ ಅದು ಶೇಕಡಾ 21. ನೀವು 175 ತುಳಿದ್ರೆ ಶೇಕಡಾ 18. ಎಲ್ಲರ ಅಂಗಿ ಅವರವರ ಅಳತೆಗೆ ಹೊಲೀಬೇಕು, ಕ್ರ್ಯಾಂಕು ಮಾತ್ರ ಎಲ್ಲರಿಗೂ ಐದು ಮಿಲಿಮೀಟರ್ ಆಚೀಚೆ ಯಾಕೆ? ಅಮೆರಿಕದ ಲೆನಾರ್ಡ್ ಝಿನ್ ಎಷ್ಟೋ ವರ್ಷದಿಂದ ಇದೇ ವಾದ ಮಾಡ್ತಾ 200 ಮಿ.ಮೀ. ದಾಟಿದ ಕ್ರ್ಯಾಂಕ್ ಮಾಡಿ ಕೊಡ್ತಿದ್ದಾರೆ. ಅವರೂ ಭಾರೀ ಉದ್ದದ ಆಸಾಮಿ.

ಮಂಡಿ ಮಾತು

ಸ್ವಲ್ಪ ತಡೀರಿ. ಶೇಕಡಾವಾರು ಲೆಕ್ಕ ಕೇಳೋಕೆ ಚೆನ್ನಾಗಿದೆ. ಆದ್ರೆ 2001 ರಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡುಸೊ ಅನ್ನೋ ಸಂಶೋಧಕರು 120 ರಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕುಗಳನ್ನ ಸವಾರರ ಮೇಲೆ ಪರೀಕ್ಷಿಸಿದ್ರು. ಗರಿಷ್ಠ ಶಕ್ತಿಯಲ್ಲಿ ಅತ್ತಿತ್ತ ಆದದ್ದು ಸುಮಾರು 4 ಶೇಕಡಾ ಮಾತ್ರ. 145 ಮತ್ತು 170 ರಲ್ಲಿ ಶಕ್ತಿ ಎಲ್ಲಕ್ಕಿಂತ ಹೆಚ್ಚು ಬಂತು, ಕೊನೆಯ ಎರಡು ತುದಿಗಳಲ್ಲಿ ಕಡಿಮೆ. ಅಂದ್ರೆ ಕ್ರ್ಯಾಂಕ್ ಉದ್ದದಿಂದ ಪವಾಡ ಆಗಲ್ಲ, ಅನಾಹುತವೂ ಆಗಲ್ಲ.

ಕಷ್ಟ ಬೇರೆ ಕಡೆ ಇದೆ. 175 ತೆಗೆದು 204 ಹಾಕಿದ್ರೆ ಪೆಡಲ್ ನೆಲಕ್ಕೆ 29 ಮಿ.ಮೀ. ಹತ್ತಿರ ಹೋಗತ್ತೆ. ಸಾಮಾನ್ಯ ಚೌಕಟ್ಟಿನಲ್ಲಿ ತಿರುವಿನಲ್ಲಿ ತುಳಿದ್ರೆ ಪೆಡಲ್ ನೆಲಕ್ಕೆ ಬಡಿಯತ್ತೆ. ಝಿನ್ ಅಂಥವರು ಬಾಟಮ್ ಬ್ರಾಕೆಟ್ಟನ್ನೇ ಎತ್ತರಿಸಿ ಚೌಕಟ್ಟು ಕಟ್ತಾರೆ, ಅದಕ್ಕೇ ಅಲ್ಲಿ ನಡೆಯತ್ತೆ. ಜೊತೆಗೆ ಸೀಟು ಅಷ್ಟೇ ಇಳಿಸಬೇಕು, ಮೇಲಿನ ತುದೀಲಿ ಪೆಡಲ್ ಅಷ್ಟೇ ಏರತ್ತೆ. ಸೀಟಿನ ಲೆಕ್ಕದಲ್ಲಿ ಮಂಡಿ ಸುಮಾರು 58 ಮಿ.ಮೀ. ಹೆಚ್ಚು ಎದೆ ಕಡೆಗೆ ಬಂತು. ಸೊಂಟ ಬಿಗಿ ಇರೋರಿಗೆ ಅದು ಹಿಂಸೆ.

ನೆಟ್ಟಗೆ ನಿಲ್ಲು

ಆ ಪರೀಕ್ಷೆ ಕೆಲವು ಸೆಕೆಂಡುಗಳ ಗರಿಷ್ಠ ಶಕ್ತಿಯದು. ದಿನಾ ಮುಕ್ಕಾಲು ಗಂಟೆ ಆರಾಮಾಗಿ ತುಳಿಯೋದು ಬೇರೆ. ನಾನು 190 ಹಾಕಿದ ಮೇಲೆ ತುಳಿತ ನಿಧಾನ ಆಯ್ತು, ನನ್ನ ತೊಡೆಗೆ ಅದೇ ಹಿತ. ಅಂಕಿಅಂಶದಲ್ಲಿ ಹಿತ ಕಾಣಲ್ಲ.

ಮಂಡಿ ಮಾತು

190 ಆದ್ರೆ ನನ್ನ ತಕರಾರಿಲ್ಲ, ನೆಲ ಬಡಿಯದಿದ್ರೆ ಆಯ್ತು. ಪ್ರಶ್ನೆ ಕೇಳಿದವರಿಗೆ ನನ್ನ ಮಾತು ಇಷ್ಟೇ: ಖರ್ಚು ಮಾಡೋ ಸಾಲಿನಲ್ಲಿ ಕ್ರ್ಯಾಂಕನ್ನ ಕೊನೆಗಿಡಿ. ಹ್ಯಾಂಡಲ್ ಎತ್ತರ ಸರಿಯಾಗದೆ ಕ್ರ್ಯಾಂಕ್ ಬದಲಿಸಿದ್ರೆ ಕತ್ತು ನೋವು ಹಾಗೇ ಇರತ್ತೆ.

ಉಕ್ಕಿನ ಕುದುರಿ

ಎಲ್ಲಾರೂ ಹೊಸಾ ಸೈಕಲ್ಲಿನ ಮಾತ ಆಡಾಕತ್ತೀರಿ. ಹಳೇ ಉಕ್ಕಿನ ಚೌಕಟ್ಟು ಹುಡುಕ್ರಿ ಸರ. ಟಾಪ್ ಟ್ಯೂಬು ನೆಲಕ್ಕ ಸಮಾನಾಂತರ ಇದ್ದ ಕಾಲದಾಗ ಉದ್ದನ್ನ ಮಂದಿಗೆ ಉದ್ದನ್ನ ಚೌಕಟ್ಟನ್ನ ಮಾಡತಿದ್ರು, ಪೋಸ್ಟು ಎಳದು ಕೈ ತೊಳಕೊಳ್ಳೂ ಪದ್ಧತಿ ಇರಲಿಲ್ಲ. 63, 64 ಸೆಂ.ಮೀ. ಸೀಟ್ ಟ್ಯೂಬಿನ ಹಳೇ ಟೂರಿಂಗ್ ಸೈಕಲ್ಲು ಯಾರಿಗೂ ಬ್ಯಾಡಾಗಿ ಮೂಲ್ಯಾಗ ಬಿದ್ದಿರತಾವು, ಯಾಕಂದ್ರ ಹತ್ತಾವ್ರ ಇಲ್ಲ. ಚೈನ್‌ಸ್ಟೇ 45 ಸೆಂ.ಮೀ., ಕ್ವಿಲ್ ಸ್ಟೆಮ್ಮು, ಮಡ್‌ಗಾರ್ಡಿಗೆ ಕ್ಯಾರಿಯರಿಗೆ ತೂತು, ಎಲ್ಲಾ ಇರತೈತಿ. ನೆದರ್ಲ್ಯಾಂಡ್ಸಿನ್ಯಾಗ ಮಂದಿ ಮೊದಲ ಉದ್ದ, ದಿನಾ ಸೈಕಲ್ಲ ಹೊಡಿಯಾವ್ರು. ಅಲ್ಲೆ 61, 65 ಸೆಂ.ಮೀ. ಚೌಕಟ್ಟು ಅಂಗಡ್ಯಾಗ ಸಾದಾ ಮಾಲು.

ಆದ್ರ ಒಂದ ಮಾತು. ದೊಡ್ಡ ಚೌಕಟ್ಟಿನ ಕೊಳವಿ ಉದ್ದ, ಸಪೂರ ಇದ್ರ ತಿರುಚತಾವು. ಇಳಿಜಾರಿನ್ಯಾಗ ಜೋರ ಹೊಂಟಾಗ ಹ್ಯಾಂಡಲ್ ತಾನ ನಡಗಾಕ ಹತ್ತತೈತಿ. ಉದ್ದನ್ನ ಮಂದಿಗೆ, ಹಿಂದ ಭಾರ ಹೇರಿದಾವ್ರಿಗೆ ಇದು ಹೆಚ್ಚು. ಹಂಗಾದಾಗ ಹ್ಯಾಂಡಲ್ ಗಟ್ಟಿ ಹಿಡದು ಬಡಿದಾಡಬ್ಯಾಡ್ರಿ. ಕೈ ಸಡಲ ಬಿಟ್ಟು, ಎರಡೂ ಮೊಳಕಾಲಿಂದ ಟಾಪ್ ಟ್ಯೂಬ್ ಅವಚಿ ಹಿಡೀರಿ, ಸೀಟಿನಿಂದ ಒಂಚೂರು ಎದ್ದು ಸಾವಕಾಶ ಬ್ರೇಕ್ ಹಾಕ್ರಿ. ನಿಂತಬಿಡತೈತಿ. ಇದಕ್ಕ ಅಂತನ ಸೈಕಲ್ ಮಾಡೂ ಕಂಪನಿ ರಿವೆಂಡೆಲ್‌ನಾವ್ರು ದೊಡ್ಡ ಅಳತಿ ಚೌಕಟ್ಟಿಗೆ ಎರಡು ಟಾಪ್ ಟ್ಯೂಬ್ ಹಾಕತಾರ. ನೋಡಾವ್ರು ನಗತಾರ, ನಗ್ಲಿ. ಕೊಳವಿ ದಪ್ಪ ಆದ್ರೂ ಆದೀತು: ಗ್ವಾಡಿ ದಪ್ಪ ಅಷ್ಟ ಇಟ್ಟು ವ್ಯಾಸ ಎರಡ ಪಟ್ಟು ಮಾಡಿದ್ರ ತಿರುಚೂದು ಎಂಟನೇ ಒಂದು ಭಾಗಕ್ಕ ಇಳೀತೈತಿ.

ಹಳೇ ಚೈನು

ಉಕ್ಕು ಸಿಗದವರಿಗೆ ಇನ್ನೊಂದು ದಾರಿ: ದೊಡ್ಡ ಅಳತೆಯ, ಮುಂದೆ ಸಸ್ಪೆನ್ಷನ್ ಇಲ್ಲದ 29 ಇಂಚಿನ ಮೌಂಟನ್ ಸೈಕಲ್. ಗಾಲಿ ದೊಡ್ಡದು, ಹೆಡ್ ಟ್ಯೂಬ್ ಎತ್ತರ, ಹ್ಯಾಂಡಲ್ ಅಗಲ. ಬಂಡೆ ಹಾರುವ ಟೈರ್ ತೆಗೆದು 45, 50 ಮಿ.ಮೀ. ನುಣುಪು ಟೈರ್ ಹಾಕಿದರೆ ಆಫೀಸಿಗೆ ಚೆನ್ನ. 29 ಇಂಚೂ 700ಸಿ ಯೂ ಒಂದೇ 622 ಮಿ.ಮೀ. ರಿಮ್ಮು, ಹಾಗಾಗಿ ಟೈರಿಗೆ ಬರವಿಲ್ಲ.

ಕುಳ್ಳ ಕಂಪನಿ

36 ಇಂಚಿನ ಗಾಲಿಯದೊಂದು ಸೈಕಲ್ ಚಿತ್ರ ನೋಡಿದ್ದೆ. ಅದು ನಿಜವಾಗ್ಲೂ ಓಡತ್ತಾ, ಪ್ರದರ್ಶನಕ್ಕಾ?

ಹಳೇ ಚೈನು

ಓಡುತ್ತದೆ. ಡರ್ಟಿಸಿಕ್ಸರ್ ಅಂತ, ಡೇವಿಡ್ ಫೋಲ್ಚ್ ಅನ್ನುವ ಉದ್ದನೆಯ ವಿನ್ಯಾಸಕ ಶುರು ಮಾಡಿದ್ದು. ಬಾಸ್ಕೆಟ್‌ಬಾಲ್ ಆಟಗಾರರು ಕೊಳ್ಳುತ್ತಾರೆ. ಏಳಡಿಯವನು ಕೂತರೂ ಆಟಿಕೆಯಂತೆ ಕಾಣುವುದಿಲ್ಲ, ಅಷ್ಟರಮಟ್ಟಿಗೆ ಅಳತೆ ಸರಿ. ಆದರೆ ಆ ಟೈರು ಟ್ಯೂಬು ಎಲ್ಲೆಂದರಲ್ಲಿ ಸಿಗುವುದಿಲ್ಲ, ಲಿಫ್ಟಿಗೆ ಹಿಡಿಯುವುದಿಲ್ಲ, ಸೈಕಲ್ ನಿಲ್ಲಿಸುವ ಸ್ಟ್ಯಾಂಡಿಗೂ ಹಿಡಿಯುವುದಿಲ್ಲ. ಎರಡು ಮೀಟರ್ ದಾಟದವರು ಅಷ್ಟು ದೂರ ಹೋಗಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ಪೋಕ್ ಸಂಗತಿ

ಒಂದು ವಿಷಯ ಬಿಟ್ಟುಹೋಗಿದೆ. ಉದ್ದ ಇದ್ದರೆ ತೂಕವೂ ಇರುತ್ತದೆ, ಬೊಜ್ಜು ಇಲ್ಲದಿದ್ದರೂ. ಅದರಲ್ಲೂ ಸೀಟು ಹಿಂದೆ ಸರಿದಿರುವುದರಿಂದ ಹೊರೆಯೆಲ್ಲ ಹಿಂದಿನ ಗಾಲಿಯ ಮೇಲೆ. ಸ್ಪೋಕ್ ಮುರಿಯುವುದು ಬಹುಪಾಲು ಹಿಂದೆ, ಗೇರ್ ಇರುವ ಬದಿಗೆ. ಹಿಂದಕ್ಕೆ 36 ಸ್ಪೋಕಿನ ಗಾಲಿ, ಬಿಗಿತ ಗೊತ್ತಿರುವ ಕೈಯಲ್ಲಿ ಕಟ್ಟಿಸಿ. ಕೈಪಿಡಿಯಲ್ಲಿ ಭಾರದ ಮಿತಿ ನೋಡಿ. 120 ಕೆ.ಜಿ. ಅಂತ ಇದ್ದರೆ ಅದು ಸವಾರನದೊಂದೇ ತೂಕವೋ, ಸೈಕಲ್ಲು ಬ್ಯಾಗೂ ಸೇರಿಯೋ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಸೂಜಿ ದಾರ

ಸೈಕಲ್ಲಿನವರ ಮಾತು ಮುಗೀತಾ? ಬಟ್ಟೆಗೆ ಬರೋಣ. ನಾನು ಉದ್ದ ಇಲ್ಲ, ಆದ್ರೆ ಮನೇಲಿ ಇಬ್ಬರು ಉದ್ದನೆಯವರಿಗೆ ಹೊಲಿದು ತಿದ್ದಿ ಕೈ ಪಳಗಿದೆ.

ಕಂಪನಿಗಳು ಅಳತೆ ಏರಿಸೋ ರೀತಿಯಲ್ಲೇ ತೊಂದರೆ ಇದೆ. ಎಂ ನಿಂದ ಎಲ್, ಎಲ್ ನಿಂದ ಎಕ್ಸ್‌ಎಲ್ ಹೋಗುವಾಗ ಎದೆ ಸುತ್ತಳತೆ ಧಾರಾಳವಾಗಿ ಬೆಳೆಯತ್ತೆ, ಉದ್ದ ಒಂದೆರಡು ಸೆಂ.ಮೀ. ಬೆಳೆದ್ರೆ ಹೆಚ್ಚು. ಹಾಗಾಗಿ ಎಕ್ಸ್ ಸೇರಿಸ್ತಾ ಹೋದಷ್ಟೂ ಅಗಲಕ್ಕೆ ದುಡ್ಡು ಕೊಡ್ತಾ ಹೋಗ್ತೀರಿ. ಬೇಕಾದ್ದು "ಟಾಲ್" ಅಂತ ಬೇರೆ ಗುರುತಿರೋ ಅಳತೆ: ಎಲ್‌ಟಿ, ಎಕ್ಸ್‌ಎಲ್‌ಟಿ. ಎದೆ ಅಷ್ಟೇ ಇರತ್ತೆ, ಮೈ ಉದ್ದ ಸಾಮಾನ್ಯವಾಗಿ ಐದು ಸೆಂ.ಮೀ. ಹೆಚ್ಚು, ತೋಳೂ ಹೆಚ್ಚು. ಸೈಕಲ್ ಬಟ್ಟೆಯಲ್ಲಿ ಇದು ಅಪರೂಪ. ಓಟದವರ, ಬೆಟ್ಟ ಹತ್ತೋರ ಬಟ್ಟೆಯಲ್ಲಿ ಹುಡುಕಿ, ಸುಲಭವಾಗಿ ಸಿಗತ್ತೆ. ಬೆನ್ನ ಜೇಬು ಇರಲ್ಲ ಅಷ್ಟೇ. ಆಫೀಸಿಗೆ ಹೋಗೋರಿಗೆ ಜೇಬು ಯಾಕೆ, ಬ್ಯಾಗ್ ಇದೆಯಲ್ಲ.

ಅಳತೆ ತಗೊಳ್ಳೋ ರೀತಿಯೂ ಬೇರೆ. ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದ್ರೆ ಎಲ್ಲಾ ಅಂಗಿಯೂ ಸರಿ ಕಾಣತ್ತೆ. ಸೈಕಲ್ಲನ್ನ ಗೋಡೆಗೆ ಒರಗಿಸಿ ಮೇಲೆ ಕೂತ್ಕೊಳ್ಳಿ, ಕೈ ಹ್ಯಾಂಡಲ್ ಮೇಲಿರಲಿ. ಕತ್ತಿನ ಬುಡದ ಮೂಳೆಯಿಂದ ಬೆನ್ನ ಗುಂಟ ಸೀಟು ಮುಟ್ಟೋ ಜಾಗದವರೆಗೆ ಒಬ್ಬರ ಕೈಲಿ ಟೇಪ್ ಹಿಡಿಸಿ. ಬೆನ್ನು ಬಾಗಿದಾಗ ಎಷ್ಟು ಉದ್ದ ಆಗತ್ತೆ ಅಂತ ಆಗ ಗೊತ್ತಾಗತ್ತೆ. ತೋಳಿಗೂ ಹಾಗೇ, ಬೆನ್ನ ನಡುವಿನಿಂದ ಭುಜ ಹಾದು ಮಣಿಕಟ್ಟಿಗೆ. ಮಳೆ ಪ್ಯಾಂಟಿಗೆ ಪೆಡಲ್ ಮೇಲಿದ್ದಾಗ ಅಳೀಬೇಕು: ಸೊಂಟದ ಪಟ್ಟಿಯಿಂದ ಮಡಚಿದ ಮಂಡಿಯ ಮೇಲೆ ಹಾದು ಪಾದದ ಗಂಟಿನ ಕೆಳಗೆ. ನಿಂತಾಗ ನೆಲ ಗುಡಿಸೋ ಹಾಗೆ ಕಾಣೋ ಪ್ಯಾಂಟೇ ತುಳಿಯುವಾಗ ಸರಿಯಾಗಿ ನಿಲ್ಲೋದು. ಅಂಚನ್ನ ಪಟ್ಟಿಯಿಂದ ಬಿಗಿದ್ರೆ ಚೈನಿಗೂ ಸಿಗಲ್ಲ.

ಇರೋ ಮಳೆ ಪ್ಯಾಂಟನ್ನೇ ಉದ್ದ ಮಾಡೋದಾದ್ರೆ ಕೆಳ ಅಂಚಿಗೆ ಜೋಡಿಸಿ, ಸೊಂಟದ ಕಡೆಯಾಗಲೀ ಮಂಡಿಯ ಹತ್ತಿರವಾಗಲೀ ಕತ್ತರಿಸಬೇಡಿ. ಜಲನಿರೋಧಕ ಬಟ್ಟೆಯಲ್ಲಿ ಸೂಜಿ ಚುಚ್ಚಿದ ಪ್ರತಿ ತೂತೂ ನೀರಿಗೆ ಬಾಗಿಲು. ಒಳಗಡೆಯಿಂದ ಸೀಮ್ ಟೇಪ್ ಇಟ್ಟು, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ, ಹದವಾದ ಬಿಸಿಯ ಇಸ್ತ್ರಿ ಒತ್ತಬೇಕು. ಕೆಳ ಅಂಚಾದ್ರೆ ಟೇಪ್ ಕೈಕೊಟ್ಟರೂ ನೆನೆಯೋದು ಶೂ ಪಟ್ಟಿ ಮಾತ್ರ.

ಆರಡಿ ಅಕ್ಕ

ಹೆಂಗಸರ ಪಾಡು ಕೇಳಿ. ನಾನು 186 ಸೆಂ.ಮೀ. ಹೆಂಗಸರ ಅಳತೆ ಅಂತ ಮಾಡೋ ಸೈಕಲ್ಲುಗಳು ನನ್ನ ಮಂಡಿ ಹತ್ತಿರಕ್ಕೆ ಬಂದು ಮುಗಿದುಹೋಗ್ತವೆ. ಟಾಪ್ ಟ್ಯೂಬ್ ತಗ್ಗಿರೋ ಚೌಕಟ್ಟು ದೊಡ್ಡ ಅಳತೆಯಲ್ಲಿ ಬೇಕು ಅಂದ್ರೆ ಅಂಗಡಿಯವರು ನನ್ನನ್ನೇ ಮೇಲಿಂದ ಕೆಳಗೆ ನೋಡ್ತಾರೆ. ಕೊನೆಗೆ ಗಂಡಸರ 58 ತಗೊಂಡೆ, ಸೀಟು ಮಾತ್ರ ನನ್ನದು. ಸೀಟಿನ ಅಗಲ ಎತ್ತರಕ್ಕೆ ಸಂಬಂಧಪಟ್ಟದ್ದಲ್ಲ, ಕೂತಾಗ ಊರೋ ಎರಡು ಮೂಳೆಗಳ ಅಂತರಕ್ಕೆ. ಅದನ್ನ ಅಳೆಸಿ ತಗೊಳ್ಳಿ. ಹೆಲ್ಮೆಟ್ಟೂ ಹಾಗೇ, ತಲೆ ಸುತ್ತಳತೆ ನೋಡಿ. ಉದ್ದನೆಯವರಿಗೆಲ್ಲ ತಲೆ ದೊಡ್ಡದಿರಬೇಕು ಅಂತಿಲ್ಲ.

ನನ್ನ ಪ್ರಶ್ನೆ ಬಿಬ್ ಶಾರ್ಟ್ಸ್ ಬಗ್ಗೆ, ಅದೇ ಭುಜಕ್ಕೆ ಪಟ್ಟಿ ಇರೋ ಸೈಕಲ್ ಚಡ್ಡಿ. ಅದರ ಭುಜದ ಪಟ್ಟಿ ನನ್ನನ್ನ ಕೆಳಗೆ ಜಗ್ಗತ್ತೆ, ನಡುವಿನ ಮೆತ್ತೆ ಮೇಲಕ್ಕೆ ಎಳೆಯತ್ತೆ. ದೊಡ್ಡದು ತಗೊಂಡ್ರೆ ತೊಡೆ ಹತ್ತಿರ ಸಡಿಲ. ಏನು ಮಾಡ್ಲಿ?

ಸೂಜಿ ದಾರ

ತೊಡೆಗೆ ಸರಿಯಾದ ಅಳತೆಯನ್ನೇ ತಗೊಳ್ಳಿ, ಪಟ್ಟಿಯನ್ನ ಉದ್ದ ಮಾಡಿ. ಪಟ್ಟಿ ಭುಜದ ನೆತ್ತಿಯಲ್ಲಿ ಹಾದು ಹೋಗೋ ಜಾಗ ಕತ್ತರಿಸಬೇಡಿ, ಅಲ್ಲಿ ಹೊಲಿಗೆ ಬಂದ್ರೆ ಬ್ಯಾಗಿನ ಪಟ್ಟಿ ಕೆಳಗೆ ಒತ್ತತ್ತೆ. ಮುಂದಿನ ಭಾಗದಲ್ಲಿ, ಎದೆಗಿಂತ ಕೆಳಗೆ ಕತ್ತರಿಸಿ, ಅದೇ ಅಗಲದ ಮೆತ್ತನೆ ಎಲಾಸ್ಟಿಕ್ ಆರೇಳು ಸೆಂ.ಮೀ. ಸೇರಿಸಿ. ಹೊಲಿಗೆ ಅಂಕುಡೊಂಕಾಗಿರಲಿ. ನೇರ ಹೊಲಿಗೆ ಹಾಕಿದ್ರೆ ಮೊದಲ ಸಲ ಎಳೆದಾಗಲೇ ದಾರ ಪಟ್ ಅನ್ನತ್ತೆ. ಸರಿ ಆಗಿದೆಯಾ ಅಂತ ನೆಟ್ಟಗೆ ನಿಂತಾಗ ನೋಡಿ: ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಮೆತ್ತೆ ಮೈಗೆ ತಾಗೇ ಇರಬೇಕು.

ಇನ್ನೊಂದು ಲಾಭ, ಬಿಬ್ ಇದ್ರೆ ಜರ್ಸಿ ಗಿಡ್ಡ ಆದ್ರೂ ಸೊಂಟ ಬಯಲಾಗಲ್ಲ. ಬಿಬ್ ಬೇಡ ಅನ್ನೋರು ಒಳಗೊಂದು ಉದ್ದನೆ ಮೆರಿನೋ ಬನಿಯನ್ ಹಾಕಿ ಸಿಗಿಸಿಕೊಳ್ಳಿ.

ಎದುರುಗಾಳಿ

ಚಳಿಗೆ ಹಾಕುವ ಲೆಗ್ ವಾರ್ಮರ್ ನನಗೆ ಮಂಡಿ ದಾಟಿ ನಾಲ್ಕು ಬೆರಳಿಗೆ ನಿಲ್ತದೆ. ಪೂರ್ತಿ ಉದ್ದದ ಟೈಟ್ಸೇ ವಾಸಿ.

ಮಳೆಗೆ ಪ್ಯಾಂಟಿಗಿಂತ ಕೇಪ್ ನೋಡಿ. ಹೆಬ್ಬೆರಳಿಗೆ ಸಿಕ್ಕಿಸುವ ಕುಣಿಕೆ ಇರುವಂಥದ್ದು, ಹ್ಯಾಂಡಲ್ ಮೇಲೆ ಹರಡಿ ತೊಡೆ ಮುಚ್ತದೆ, ಒಳಗೆ ಗಾಳಿಯಾಡ್ತದೆ. ಉದ್ದನೆಯವರಿಗೆ ಅಳತೆಯ ತಂಟೆ ಕಡಿಮೆ. ಜೋರು ಗಾಳಿಗೆ ಮಾತ್ರ ಆಗುವುದಿಲ್ಲ, ಎಳೆದುಕೊಂಡು ಹೋಗ್ತದೆ. ಕೆಳಗೆ ಮೀನಖಂಡಕ್ಕೆ ಗೇಟರ್ ಕಟ್ಟಿ. ಮುಂದಿನ ಮಡ್‌ಗಾರ್ಡಿಗೆ ನೆಲದ ಹತ್ತಿರದವರೆಗೆ ಇಳಿಯುವ ರಬ್ಬರ್ ಪಟ್ಟಿ ಹಾಕಿದ್ರೆ ಅರ್ಧ ಕೆಸರು ಅಲ್ಲೇ ನಿಲ್ತದೆ.

ಮತ್ತೆ ಪಾದ. ನನ್ನದು 49 ನಂಬ್ರ. ಶಿಮಾನೊ ಕೆಲವು ಮಾದರಿಗಳನ್ನು 50 ರವರೆಗೆ ಮಾಡ್ತದೆ, ಲೇಕ್ ಕೂಡ. ಆದ್ರೆ ಶೂ ಸಿಕ್ಕಿದ್ರೆ ಮುಗಿಯಲಿಲ್ಲ, ಪ್ರತಿ ತುಳಿತಕ್ಕೂ ಹಿಮ್ಮಡಿ ಕ್ಯಾರಿಯರಿನ ಬ್ಯಾಗಿಗೆ ಬಡೀತದೆ. ಬ್ಯಾಗಿನ ಕೊಕ್ಕೆಗಳನ್ನು ಸ್ಕ್ರೂ ಸಡಿಲಿಸಿ ಮುಂದಕ್ಕೆ ಸರಿಸಿದ್ರೆ ಬ್ಯಾಗು ಹಿಂದಕ್ಕೆ ಹೋಗ್ತದೆ. ಸಾಲದಿದ್ರೆ ಉದ್ದದ ಕ್ಯಾರಿಯರ್. ಮುಂದೆಯೂ ನೋಡಿ, ನಿಧಾನವಾಗಿ ತಿರುಗುವಾಗ ಹೆಬ್ಬೆರಳು ಮುಂದಿನ ಮಡ್‌ಗಾರ್ಡಿಗೆ ತಾಗ್ತದೋ ಅಂತ. ದೊಡ್ಡ ಪಾದಕ್ಕೆ ಅಗಲ ಹಾಸಿನ ಪೆಡಲ್ ಹಾಕಿ, ಪಾದ ಸ್ವಲ್ಪ ಮುಂದಿಟ್ಟು ತುಳಿಯಲಿಕ್ಕೆ ಬರ್ತದೆ.

ಆರೂವರೆ ಅಡಿ

ಎಲ್ಲಾ ಓದಿದೆ. ನಿನ್ನೆ ಸಂಜೆ ಅಳತೆಪಟ್ಟಿ ತೆಗೆದು ನೋಡಿದ್ರೆ ನನ್ನ ಎಕ್ಸ್‌ಎಲ್‌ನ ಸ್ಟ್ಯಾಕ್ 605. ಅದೇ ಮಾದರಿಯ ಎಲ್‌ಗೆ 590. ಎರಡಕ್ಕೂ ಚೈನ್‌ಸ್ಟೇ ಒಂದೇ. ಹದಿನೈದು ಮಿಲಿಮೀಟರಿಗೆ ಒಂದು ಅಕ್ಷರ ಹೆಚ್ಚು ಬರೆದಿದ್ದಾರೆ.

ಸದ್ಯಕ್ಕೆ 400 ರ ಪೋಸ್ಟು, ರೈಸರ್ ಹ್ಯಾಂಡಲ್, ಮೇಲ್ಮುಖ ಸ್ಟೆಮ್ ಹಾಕಿಸಿ ನೋಡ್ತೀನಿ. ಜೊತೆಗೇ ಹಳೇ ಉಕ್ಕಿನ 64 ಕ್ಕೆ ಹುಡುಕಾಟ ಶುರು. ಕ್ರ್ಯಾಂಕ್ ತಂಟೆಗೆ ಹೋಗಲ್ಲ. ಪ್ಯಾಂಟನ್ನ ಸೂಜಿ ದಾರ ಅವರು ಹೇಳಿದ ಹಾಗೆ ದರ್ಜಿ ಹತ್ತಿರ ತಗೊಂಡು ಹೋಗ್ತೀನಿ.

ಒಂದೇ ಅನುಮಾನ. ಹಳೇ ಸೈಕಲ್ ಸಿಕ್ಕಿದ್ರೆ ಅದಕ್ಕೂ ಇದೇ 400 ರ ಪೋಸ್ಟು ಹಾಕಬಹುದಾ, ಇನ್ನೊಂದು ಕೊಳ್ಳಬೇಕಾ?

ಉಕ್ಕಿನ ಕುದುರಿ

ವ್ಯಾಸ ನೋಡಿ ತಗೋರಿ. ಈಗಿನ ಅಲ್ಯೂಮಿನಿಯಂ ಚೌಕಟ್ಟಿಗೆ 27.2, 30.9, 31.6 ಹಿಂಗ ಬರತಾವು. ಹಳೇ ಉಕ್ಕಿನ್ಯಾಗ 26.8, 27.0, 27.2 ಎಲ್ಲಾ ಅದಾವು. 0.2 ಮಿ.ಮೀ. ಸಣ್ಣದು ಹಾಕಿದ್ರ ಸುಮ್ಮನ ಕೂಡತೈತಿ, ಆದ್ರ ತುಳಿಯೂ ಮುಂದ ಜಾರಿ ಇಳೀತೈತಿ, ಇಲ್ಲಾ ಕ್ಲ್ಯಾಂಪು ಬಿಗದು ಬಿಗದು ಸೀಟ್ ಟ್ಯೂಬಿನ ಬಾಯಿ ಮುಚ್ಚಿಕೊಂತೈತಿ. ಹಳೇ ಪೋಸ್ಟು ಹೊರಗ ತಗದು ನೋಡ್ರಿ, ಗೆರಿ ಹತ್ರ ಅಳತಿ ಕೆತ್ತಿರತಾರ.

ಕೊಳ್ಳೂಕಿಂತ ಮೊದಲ ಆ ಪೋಸ್ಟು ಅಲ್ಲಾಡತೈತೇನು ತಿರುವಿ ನೋಡ್ರಿ. ಉಕ್ಕಿನ್ಯಾಗ ಅಲ್ಯೂಮಿನಿಯಂ ಪೋಸ್ಟು ಗ್ರೀಸ್ ಇಲ್ಲದ ವರ್ಷಗಟ್ಟಲೆ ಕುಂತಿದ್ರ ಕಚ್ಚಿಕೊಂಡಬಿಟ್ಟಿರತೈತಿ, ಯಾರಪ್ಪನ ಮಾತೂ ಕೇಳೂದಿಲ್ಲ. ಅಂಥಾ ಸೈಕಲ್ಲ ಪುಕ್ಕಟ ಕೊಟ್ರೂ ಎರಡು ಸಲ ವಿಚಾರ ಮಾಡ್ರಿ. ಅಲ್ಲಾಡಿದ್ರ ತಗೊಂಡು, ಗ್ರೀಸ್ ಹಚ್ಚಿ ಹೊಸದು ಹಾಕ್ರಿ.